ಸಿಯುಸಿವಿ ಹೀಟರ್ ಪ್ಲಗ್: ರೆಸಿಸ್ಟರ್ ಉಳಿಸಬೇಕೇ, ಪ್ಲಗ್ ಮಾತ್ರ 12 ವೋಲ್ಟ್‌ಗೆ ತರಬೇಕೇ, ಇಡೀ ಗಾಡಿಯನ್ನೇ ಬದಲಿಸಬೇಕೇ?

ಅಮೆರಿಕದ ಸೇನೆ 1980ರ ದಶಕದಲ್ಲಿ ಕೊಂಡ ಷೆವರ್ಲೆ ಸಿಯುಸಿವಿ ಗಾಡಿಗಳು, ಅಂದರೆ ಎಂ1008 ಪಿಕಪ್, ಎಂ1009 ಬ್ಲೇಜರ್ ಮುಂತಾದವು, ಅಲ್ಲಿ ಇಂದಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. 6.2 ಲೀಟರಿನ ವಿ8 ಡೀಸೆಲ್ ಎಂಜಿನ್ ಗಟ್ಟಿ ಆಳು. ಗೋಳಿರುವುದು ಚಳಿಯ ಬೆಳಿಗ್ಗೆ ಅದನ್ನು ಎಬ್ಬಿಸುವುದರಲ್ಲಿ. ಅದಕ್ಕೆ ಮೂರು ದಾರಿಗಳಿವೆ. ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಒಲವು ಎರಡನೆಯದಕ್ಕೆ: ಸೆಲ್ಫ್ ಮೋಟರ್ 24 ವೋಲ್ಟ್‌ನಲ್ಲೇ ಇರಲಿ, ಹೀಟರ್ ಪ್ಲಗ್‌ಗಳಿಗೆ ಮಾತ್ರ ನೇರ 12 ವೋಲ್ಟ್ ಕೊಡಿ. ನಮ್ಮ ಮೆಕ್ಯಾನಿಕ್‌ಗಳು ಹೀಟರ್ ಪ್ಲಗ್ ಎನ್ನುವುದನ್ನೇ ಅಲ್ಲಿನವರು ಗ್ಲೋ ಪ್ಲಗ್ ಎನ್ನುತ್ತಾರೆ. ಸೆಲ್ಫ್ ಹೊಡೆಯುವ ಮೊದಲು ಸಿಲಿಂಡರಿನ ಒಳಗನ್ನು ಬಿಸಿ ಮಾಡುವುದು ಇದರ ಕೆಲಸ. ಬಿಡಿಭಾಗ ಹುಡುಕುವಾಗ ಗ್ಲೋ ಪ್ಲಗ್ ಎಂಬ ಹೆಸರೇ ಬೇಕು.

ಮೊದಲನೆಯ ದಾರಿ, ಸೇನೆ ಕೊಟ್ಟಂತೆಯೇ ಬಿಡುವುದು. ಗಾಡಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳು ಸೀರೀಸ್‌ನಲ್ಲಿವೆ. ಸೆಲ್ಫ್ ಮೋಟರ್ ಮತ್ತು ಬೇರೆ ಸೇನಾ ಗಾಡಿಯಿಂದ ಕರೆಂಟ್ ಪಡೆಯುವ ಸ್ಲೇವ್ ಸಾಕೆಟ್ 24 ವೋಲ್ಟ್. ದೀಪ, ವೈಪರ್ ಎಲ್ಲ 12. ಹೀಟರ್ ಪ್ಲಗ್‌ಗಳೂ 12 ವೋಲ್ಟಿನ ಏರ್ಪಾಟಿನವೇ. ಆದರೆ ಅವಕ್ಕೆ ಕರೆಂಟ್ ಬರುವುದು 24ರ ಕಡೆಯಿಂದ, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಮೇಲೆ ಕೂತಿರುವ, ವೋಲ್ಟೇಜ್ ತಗ್ಗಿಸುವ ರೆಸಿಸ್ಟರ್ ಜೋಡಿಯ ಮೂಲಕ. ಎಲ್ಲ ತೊಂದರೆಯ ಬೇರು ಇಲ್ಲಿದೆ.

ಎಂಟು ಪ್ಲಗ್‌ಗಳೂ ಸರಿಯಿದ್ದಾಗ ರೆಸಿಸ್ಟರ್ 12 ವೋಲ್ಟ್ ನುಂಗುತ್ತದೆ, ಉಳಿದ 12 ಪ್ಲಗ್‌ಗಳಿಗೆ ಸೇರುತ್ತದೆ. ಎರಡು ಪ್ಲಗ್ ಸತ್ತವು ಎನ್ನಿ. ಎಳೆಯುವ ಕರೆಂಟ್ ಕಡಿಮೆಯಾಯಿತು, ರೆಸಿಸ್ಟರ್ ನುಂಗುವುದೂ ಕಡಿಮೆಯಾಯಿತು. ಉಳಿದ ಆರಕ್ಕೆ ಸುಮಾರು 13.7 ವೋಲ್ಟ್ ಬೀಳುತ್ತದೆ. ನಾಲ್ಕು ಸತ್ತರೆ ಉಳಿದ ನಾಲ್ಕಕ್ಕೆ 16. ಆರು ಸತ್ತರೆ ಉಳಿದೆರಡಕ್ಕೆ 19 ದಾಟುತ್ತದೆ. ಒಂದು ಹೋಯಿತೆಂದರೆ ಮಿಕ್ಕವು ಸಾಲಾಗಿ ಸುಡುವುದು ಈ ಕಾರಣಕ್ಕೆ. ಎರಡು ಹೊಸ ಪ್ಲಗ್ ಹಾಕಿ ಗೆದ್ದೆವೆಂದುಕೊಂಡವರು ಮುಂದಿನ ಚಳಿಗೆ ಎಂಟನ್ನೂ ಕೊಳ್ಳುತ್ತಾರೆ.

ಸುಟ್ಟ ಪ್ಲಗ್ ಸುಮ್ಮನೆ ಸುಟ್ಟಿದ್ದರೆ ಚಿಂತೆಯಿರಲಿಲ್ಲ. ಎ.ಸಿ. ಕಂಪನಿಯ ಹಳೆಯ 13ಜಿ ಪ್ಲಗ್ ಹೆಚ್ಚು ಕಾದರೆ ತುದಿ ಊದಿಕೊಳ್ಳುತ್ತದೆ. ಊದಿದ ತುದಿ ತಾನು ಒಳಹೋದ ರಂಧ್ರದಿಂದ ಹೊರಬರುವುದಿಲ್ಲ. ಸ್ಪ್ಯಾನರಿಗೆ ಬಲ ಕೊಟ್ಟು ತಿರುಗಿಸಿದರೆ ತುದಿ ಮುರಿದು ಪ್ರೀಚೇಂಬರಿನಲ್ಲಿ, ಅಂದರೆ ಡೀಸೆಲ್ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆಯಲ್ಲಿ, ಉಳಿಯುತ್ತದೆ. ಆದ್ದರಿಂದ ಎಂಜಿನ್ ಬಿಸಿಯಿರುವಾಗಲೇ ಕೈಹಾಕಿ. ಅರ್ಧ ಸುತ್ತು ಬಿಚ್ಚಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸುತ್ತ ಬನ್ನಿ. ಥ್ರೆಡ್ ಪೂರ್ತಿ ಬಿಟ್ಟರೂ ಪ್ಲಗ್ ಬರಲಿಲ್ಲವೆಂದರೆ ತುದಿ ಊದಿದೆ. ತಿರುಗಿಸುತ್ತಲೇ ನೇರವಾಗಿ ಎಳೆಯಿರಿ, ಓರೆಯಾಗಿ ಮೀಟಬೇಡಿ. ಮುರಿದೇ ಹೋದರೆ ಎಂಜಿನ್ ಒಂದು ಸುತ್ತೂ ತಿರುಗಕೂಡದು. ಆ ಸಿಲಿಂಡರಿನ ಇಂಜೆಕ್ಟರ್ ಬಿಚ್ಚಿ, ಆ ರಂಧ್ರದಿಂದ ಉದ್ದ ಮೂತಿಯ ಚಿಮುಟ ಇಳಿಸಿ ತುಂಡನ್ನು ತೆಗೆಯಬೇಕು. ತುಂಡು ಪಿಸ್ಟನ್ ಮೇಲೆ ಬಿದ್ದರೆ ಹೆಡ್ ಇಳಿಸುವುದೊಂದೇ ಗತಿ.

ಡ್ಯಾಶ್‌ಬೋರ್ಡಿನ ಕೆಳಗಿರುವ, ಪ್ಲಗ್ ಎಷ್ಟು ಹೊತ್ತು ಕಾಯಬೇಕೆಂದು ನೋಡಿಕೊಳ್ಳುವ ಕಂಟ್ರೋಲ್ ಕಾರ್ಡ್ ಕೆಟ್ಟು, ಪ್ಲಗ್‌ಗಳಿಗೆ ಕರೆಂಟ್ ಬಿಡುವ ರಿಲೇ ಸ್ವಿಚ್ಚು ಅಂಟಿಕೊಂಡರೂ ಇದೇ ಪಾಡು. ಹಾಗಾಗಿ ಮೊದಲನೆಯ ದಾರಿ ಗಾಡಿಯನ್ನು ಮೂಲರೂಪದಲ್ಲಿ ಪ್ರದರ್ಶನಕ್ಕಿಡುವವರಿಗಷ್ಟೇ ಸರಿ. ಅವರೂ ತಿಂಗಳಿಗೊಮ್ಮೆ ಎಂಟೂ ಪ್ಲಗ್ ಪರೀಕ್ಷಿಸಲಿ: ಪ್ಲಗ್‌ನ ವೈರ್ ಕಿತ್ತು, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು 12 ವೋಲ್ಟ್ ಪಾಸಿಟಿವ್‌ಗೆ, ಇನ್ನೊಂದನ್ನು ಪ್ಲಗ್‌ನ ಕೊಂಡಿಗೆ ಮುಟ್ಟಿಸಿದರೆ ಸಾಕು. ದೀಪ ಹತ್ತಿದರೆ ಪ್ಲಗ್ ಜೀವಂತ.

ಎರಡನೆಯ ದಾರಿಗೆ ಒಂದು ಮಧ್ಯಾಹ್ನದ ಕೆಲಸ, ಎಂಟು ಹೊಸ ಪ್ಲಗ್ ಬಿಟ್ಟರೆ ಖರ್ಚು ಅಂಗೈಯಗಲದ್ದು. ಮೊದಲು ಮುಂದಿನ ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಆಮೇಲೆ ಹಿಂದಿನದರದ್ದು. ರೆಸಿಸ್ಟರಿನಿಂದ ಪ್ಲಗ್ ರಿಲೇಗೆ ಬರುವ ದಪ್ಪ ವೈರನ್ನು ರಿಲೇಯ ಬದಿಯಲ್ಲಿ ಬಿಚ್ಚಿ. 24 ವೋಲ್ಟ್ ಕಡೆಯಿಂದ ರೆಸಿಸ್ಟರಿಗೆ ಬರುವುದನ್ನೂ ಬಿಚ್ಚಿ ತುದಿಗೆ ಇನ್ಸುಲೇಷನ್ ಸುತ್ತಿ. ಅದನ್ನು ತೆರೆದು ಬಿಟ್ಟರೆ ಬೆಂಕಿಗೆ ಆಹ್ವಾನ. ಫೈರ್‌ವಾಲ್ ಮೇಲಿನ 12 ವೋಲ್ಟ್ ಟರ್ಮಿನಲ್‌ನಿಂದ ರಿಲೇಗೆ 6 ಗೇಜಿನ ತಾಮ್ರದ ಕೇಬಲ್ ಎಳೆಯಿರಿ. ಎಂಟು ಪ್ಲಗ್ ಸೇರಿ ನೂರು ಆಂಪಿಯರ್‌ನ ಆಸುಪಾಸು ಎಳೆಯುತ್ತವೆ, ತೆಳು ವೈರ್ ಇಲ್ಲಿ ನಡೆಯದು. ರಿಲೇ ಕಾಯಿಲ್‌ನ ಸಣ್ಣ ವೈರ್‌ಗಳನ್ನು ಮುಟ್ಟಬೇಡಿ. ರೆಸಿಸ್ಟರ್ ಇದ್ದಲ್ಲೇ ಇರಲಿ, ಮುಂದೊಂದು ದಿನ ಮೂಲಸ್ಥಿತಿ ಬೇಕೆಂದರೆ ಒದಗುತ್ತದೆ.

ಪ್ಲಗ್ 13ಜಿ ಬೇಡ, 60ಜಿ ಹಾಕಿ. ಇದು ಬಿಸಿಯೇರಿದಂತೆ ತಾನೇ ಕರೆಂಟ್ ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ಊದುವ ಭಯ ಬಹಳ ಕಡಿಮೆ. ಬದಲಿಗೆ ಬಿಸಿಯೇರುವುದು ತುಸು ನಿಧಾನ: ಡ್ಯಾಶ್‌ಬೋರ್ಡಿನ ವೇಟ್ (ತಾಳಿ) ದೀಪ ಆರಿದ ಮೇಲೂ ಕೆಲವು ಸೆಕೆಂಡು ತಾಳಿ ಸೆಲ್ಫ್ ಹೊಡೆಯಿರಿ. ಕೊಳ್ಳುವಾಗಲೇ ಹಳೆಯ ವೈರಿನ ತುದಿ ಹೊಸ ಕೊಂಡಿಗೆ ಬಿಗಿಯಾಗಿ ಕೂರುತ್ತದೆಯೇ ನೋಡಿ. ಸಡಿಲವಿದ್ದರೆ ತುದಿ ಬದಲಿಸಿ. ಬಲಗಡೆಯ ಪ್ಲಗ್‌ಗಳಿಗೆ ಮುಂಚಕ್ರದ ಗೂಡಿನಿಂದ ಕೈ ಹಾಕುವುದೇ ಸುಲಭ.

ಕಾರ್ಡ್ ಬದಲು ಬಟನ್? ಕಾರ್ಡ್ ಸತ್ತರೆ ಹಾಕಿ, ಆದರೆ ಕೈ ಬಿಟ್ಟೊಡನೆ ಆಫ್ ಆಗುವ ಬಟನ್ನೇ ಆಗಿರಲಿ. ಟಾಗಲ್ ಸ್ವಿಚ್ ಹಾಕಿ ಮರೆತವರ ಪ್ಲಗ್‌ಗಳೇ ಮೊದಲು ಹೋಗುವುದು.

ಮೂರನೆಯ ದಾರಿಯಲ್ಲಿ ಬ್ಯಾಟರಿಗಳು ಪ್ಯಾರಲಲ್ ಆಗುತ್ತವೆ, 24 ವೋಲ್ಟಿನ ಸೆಲ್ಫ್ ಹೋಗಿ 12ರ ಗೇರ್ ರಿಡಕ್ಷನ್ ಸೆಲ್ಫ್ ಬರುತ್ತದೆ, ಬ್ಯಾಟರಿ ತುಂಬುವ ಎರಡು ಆಲ್ಟರ್ನೇಟರ್‌ಗಳಲ್ಲಿ ಎರಡನೆಯದು ಇಳಿಯುತ್ತದೆ. ವೈರಿಂಗ್ ಸರಳವಾಗುವುದು ನಿಜ, ಬಿಡಿಭಾಗ ಎಲ್ಲ ಅಂಗಡಿಯಲ್ಲೂ ಸಿಗುವುದೂ ನಿಜ. ಸೆಲ್ಫ್ ಆಗಲೇ ಕೆಟ್ಟಿದ್ದರೆ ಯೋಚಿಸಬಹುದು. ಚೆನ್ನಾಗಿ ತಿರುಗುವ 24ರ ಸೆಲ್ಫ್ ಕಿತ್ತು ಹಣ ಸುರಿಯುವುದು ನನಗೆ ಸರಿಕಾಣದು. ಸ್ಲೇವ್ ಸಾಕೆಟ್ಟೂ ಕೆಲಸಕ್ಕೆ ಬಾರದಾಗುತ್ತದೆ. ಯಾವ ಸೆಲ್ಫ್ ಹಾಕಿದರೂ ಅದರ ಮುಂತುದಿಯನ್ನು ಬ್ಲಾಕಿಗೆ ಬಿಗಿಯುವ ಆಸರೆಪಟ್ಟಿ ತಪ್ಪಬಾರದು. ಅದಿಲ್ಲದಿದ್ದರೆ ಬೋಲ್ಟ್ ಮುರಿಯುತ್ತದೆ, ಬ್ಲಾಕೇ ಬಿರುಕು ಬಿಡಬಹುದು.

ಎರಡನೆಯ ದಾರಿ ಹಿಡಿದವರಿಗೆ ಒಂದು ಎಚ್ಚರಿಕೆ. ಪ್ಲಗ್‌ಗಳ ಹೊರೆಯೆಲ್ಲ ಈಗ ಮುಂದಿನ ಬ್ಯಾಟರಿಯ ಮೇಲಿದೆ. ಅದನ್ನು ತುಂಬುವುದು ಚಾಲಕನ ಕಡೆಯ ಆಲ್ಟರ್ನೇಟರ್, ಆದ್ದರಿಂದ ಅದರ ಎಚ್ಚರಿಕೆ ದೀಪವಾದ ಜೆನ್ 1 ಹತ್ತಿದರೆ ಅಸಡ್ಡೆ ಬೇಡ. ಇನ್ನೊಂದು ಆಲ್ಟರ್ನೇಟರಿನ ನೆಗೆಟಿವ್ ಬಾಡಿಗೆ ಸೇರಿಲ್ಲ, 12 ವೋಲ್ಟ್ ಕಡೆಗೆ ಸೇರಿದೆ; ಅದರ ಜಾಗಕ್ಕೆ ಮಾಮೂಲಿ ಆಲ್ಟರ್ನೇಟರ್ ಕೂರಿಸಿದರೆ ನೇರ ಶಾರ್ಟ್. ಬ್ಯಾಟರಿ ಬದಲಿಸುವಾಗ ಎರಡನ್ನೂ ಒಟ್ಟಿಗೆ, ಒಂದೇ ಸಾಮರ್ಥ್ಯದವನ್ನು ಹಾಕಿ. ಚಳಿಯಲ್ಲಿ ಎಂಜಿನ್ ಎಬ್ಬಿಸಲು ಕೆಲವರು ಊದುವ ಈಥರ್ ಸ್ಪ್ರೇ ಮಾತ್ರ ಹತ್ತಿರ ತರಬೇಡಿ: ಕಾದ ಪ್ಲಗ್ ಇರುವ ಎಂಜಿನ್ನಿನಲ್ಲಿ ಅದು ಸಮಯಕ್ಕೆ ಮೊದಲೇ ಸಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಪ್ಲಗ್ ಬಿಸಿಯೇರುತ್ತಿರುವಾಗ ಅದರ ಕೊಂಡಿಯಲ್ಲಿ ವೋಲ್ಟ್ ಮೀಟರ್ ಇಡಿ. 11 ವೋಲ್ಟ್ ಹತ್ತಿರ ಕಂಡರೆ ಸರಿ. 10ಕ್ಕಿಂತ ಕೆಳಗಿಳಿದರೆ ಮುಂದಿನ ಬ್ಯಾಟರಿಯ ಟರ್ಮಿನಲ್‌ಗಳನ್ನು ಉಜ್ಜಿ ಬಿಗಿದು ಮತ್ತೆ ಅಳೆಯಿರಿ.