ಫ್ಯಾನ್ ಕ್ಲಚ್ ಬದಲಾಯಿಸಿ ಮೂರು ವರ್ಷ: ಬೆಳಗಿನ ಆ ‘ಗುಂಯ್’ ಶಬ್ದದ ಕಥೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಮುಳ್ಳೇರಿಯದ ಹತ್ತಿರ ಸ್ವಲ್ಪ ಅಡಿಕೆ ತೋಟ ಉಂಟು, ಅಂಗಳದಲ್ಲಿ ಏಳು ಸೀಟಿನ ಒಂದು ಹಳೇ ಡೀಸೆಲ್ ಗಾಡಿ ಉಂಟು. ಕಾಸರಗೋಡು ಪೇಟೆ, ಪುತ್ತೂರು, ಅಪರೂಪಕ್ಕೆ ಮಡಿಕೇರಿ, ಇಷ್ಟೇ ಅದರ ತಿರುಗಾಟ. ಈ ಗಾಡಿಗೆ ಹಾಕಿದ ಎರಡು ಫ್ಯಾನ್ ಕ್ಲಚ್‌ಗಳ (ರೇಡಿಯೇಟರ್ ಹಿಂದಿನ ಫ್ಯಾನನ್ನು ಬಿಸಿಯಾದಾಗ ಹಿಡಿದು ತಿರುಗಿಸುವ ಭಾಗ) ಬಗ್ಗೆ ಬರೆಯುತ್ತಿದ್ದೇನೆ. ಒಂದು ಎಂಟು ತಿಂಗಳಿಗೆ ಕೈಕೊಟ್ಟಿತು, ಇನ್ನೊಂದು ಮೂರು ವರ್ಷದಿಂದ ಓಡುತ್ತಿದೆ.

ಶುರುವಾಗಿದ್ದು ಸಂಪಾಜೆ ಘಾಟಿಯಲ್ಲಿ. ಏಪ್ರಿಲ್ ತಿಂಗಳು, ಒಳಗೆ ಏಳು ಜನ, ಎಸಿ ಆನ್. ಜಾಲ್ಸೂರು, ಸುಳ್ಯ ದಾಟುವವರೆಗೆ ಏನೂ ಇಲ್ಲ. ಘಾಟಿ ಹತ್ತಲು ಶುರು ಮಾಡಿ ಎರಡನೇ ಗೇರಿಗೆ ಇಳಿದದ್ದೇ ತಡ, ಟೆಂಪರೇಚರ್ ಮುಳ್ಳು ಮೇಲೆ ಹೋಯಿತು. ಎಸಿ ಬಂದ್ ಮಾಡಿ, ಬದಿಗೆ ಹಾಕಿ ಅರ್ಧ ಗಂಟೆ ನಿಂತೆವು. ಚಿಕ್ಕಮ್ಮ ‘ನಡೆದುಕೊಂಡು ಹೋಗಿದ್ದರೆ ಇಷ್ಟು ಹೊತ್ತಿಗೆ ತಲುಪುತ್ತಿದ್ದೆವು’ ಅಂದರು. ವಾಪಸ್ ಬರುವಾಗ ಇಳಿಜಾರು, ಮುಳ್ಳು ಅಲ್ಲಾಡಲೇ ಇಲ್ಲ.

ಒಂದು ವರ್ಕ್‌ಶಾಪಿನವರು ಥರ್ಮೋಸ್ಟಾಟ್ ಬದಲಾಯಿಸಿದರು. ಆಮೇಲೆ ರೇಡಿಯೇಟರ್ ಬಿಚ್ಚಿ ತೊಳೆದರು, ಕ್ಯಾಪ್ ಹೊಸದು ಹಾಕಿದರು, ಕೂಲೆಂಟ್ ಹೊಸದು. ದುಡ್ಡು ಹೋಯಿತು, ಬಿಸಿ ಹೋಗಲಿಲ್ಲ. ಹೈವೇಯಲ್ಲಿ ಅರವತ್ತರಲ್ಲಿ ಹೋದರೆ ಸರಿಯಾಗಿಯೇ ಇರುತ್ತಿತ್ತು, ಆರು ಲೇನಿನ ಕೆಲಸ ನಡೆಯುತ್ತಿದ್ದ ಕಡೆ ಬ್ಲಾಕಿನಲ್ಲಿ ಸಿಕ್ಕಿದರೆ ಮಾತ್ರ ಎಸಿಯಲ್ಲಿ ಬಿಸಿಗಾಳಿ, ಮುಳ್ಳು ಮೇಲೆ. ಇದೇ ದೊಡ್ಡ ಸುಳಿವು ಅಂತ ಆಗ ಗೊತ್ತಾಗಲಿಲ್ಲ. ಗಾಡಿ ಜೋರಾಗಿ ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರಿಗೆ ನುಗ್ಗುತ್ತದೆ, ನಿಧಾನ ಆದಾಗ ಗಾಳಿ ಎಳೆಯಬೇಕಾದ್ದು ಫ್ಯಾನ್, ಅಲ್ವಾ?

ಕೊನೆಗೆ ಬದಿಯಡ್ಕ ಕಡೆಯ ಒಬ್ಬರು ಹಳೇ ಮೆಕ್ಯಾನಿಕ್, ನಾವೆಲ್ಲ ಇಕ್ಕ ಅಂತಲೇ ಕರೆಯುವುದು, ಬಾನೆಟ್ ಕೂಡ ತೆಗೆಯದೆ ಒಂದು ಪ್ರಶ್ನೆ ಕೇಳಿದರು. ‘ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಗುಂಯ್ ಅಂತ ಶಬ್ದ ಬರ್ತದಾ ಭಟ್ರೇ?’

ಮೊದಲು ಬರುತ್ತಿತ್ತು. ಯಾವಾಗ ನಿಂತಿತೋ ನನಗೆ ನೆನಪೇ ಇಲ್ಲ.

ಅವರು ಹೇಳಿದ್ದು ಇಷ್ಟು. ವಾಟರ್ ಪಂಪಿನ ಪುಲ್ಲಿಗೂ ಫ್ಯಾನಿಗೂ ನಡುವೆ ಇರುವ ಆ ಗುಂಡಗಿನ ಡಬ್ಬಿಯೇ ಕ್ಲಚ್. ಒಳಗೆ ದಪ್ಪ ಸಿಲಿಕೋನ್ ಎಣ್ಣೆ, ಎದುರಿಗೆ ಎರಡು ಲೋಹ ಸೇರಿಸಿದ ಸಣ್ಣ ಪಟ್ಟಿ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಪಟ್ಟಿ ಬಾಗುತ್ತದೆ, ಒಳಗಿನ ಬಾಗಿಲು ತೆರೆಯುತ್ತದೆ, ಎಣ್ಣೆ ಬಿಲ್ಲೆಗಳ ನಡುವೆ ಬಂದು ಫ್ಯಾನನ್ನು ಹಿಡಿದು ತಿರುಗಿಸುತ್ತದೆ. ತಣ್ಣಗಿದ್ದಾಗ ಫ್ಯಾನ್ ಸುಮ್ನೆ ನಿಧಾನ ಸುತ್ತುತ್ತದೆ. ರಾತ್ರಿ ಗಾಡಿ ನಿಂತಾಗ ಎಣ್ಣೆ ಆ ಬಿಲ್ಲೆಗಳ ಕಡೆಗೆ ಇಳಿದಿರುತ್ತದೆ, ಹಾಗಾಗಿ ಬೆಳಿಗ್ಗೆ ಕೆಲವು ಸೆಕೆಂಡ್ ಆ ಶಬ್ದ. ನನ್ನದರಲ್ಲಿ ಎಣ್ಣೆಯೇ ಸೋರಿ ಹೋಗಿತ್ತು. ಡಬ್ಬಿಯ ಮೇಲೆ ನಡುವಿನಿಂದ ಅಂಚಿಗೆ ಗೆರೆ ಗೆರೆಯಾಗಿ ಜಿಡ್ಡು, ಅದರ ಮೇಲೆ ನಮ್ಮೂರಿನ ಕೆಂಪು ಧೂಳು ಅಂಟಿ ಕುಂಕುಮ ಬಳಿದ ಹಾಗೆ. ಬಿಸಿ ಎಂಜಿನ್ ಬಂದ್ ಮಾಡಿ ಕೈಯಲ್ಲಿ ಒಂದು ಸಲ ತಳ್ಳಿದರೆ ಫ್ಯಾನ್ ಐದಾರು ಸುತ್ತು ಹೋಯಿತು. ಸರಿಯಿದ್ದರೆ ಬಿಗಿಯಾಗಿ ಹಿಡಿಯಬೇಕಿತ್ತು.

ಮೊದಲ ಸಲ ನಾನು ಜಿಪುಣತನ ಮಾಡಿದೆ. ಯಾವುದೋ ಅಂಗಡಿಯಿಂದ 1,900 ರೂಪಾಯಿಯದ್ದು ತಂದೆ. ಎಂಟು ತಿಂಗಳು ಚೆನ್ನಾಗಿತ್ತು, ಆಮೇಲೆ ಉಲ್ಟಾ ಕಾಯಿಲೆ. ಜಾಮ್ ಆಗಿ ಯಾವಾಗಲೂ ಎಂಜಿನ್ ಜೊತೆಗೇ ತಿರುಗಲು ಶುರು. ಬಿಸಿ ಆಗುವುದಿಲ್ಲ ನಿಜ, ಆದರೆ ಲಾರಿ ಬಂದ ಹಾಗೆ ಶಬ್ದ, ಪಿಕಪ್ ಇಲ್ಲ, ಮೈಲೇಜ್ 13ರಿಂದ 11ಕ್ಕೆ ಇಳಿಯಿತು. ಕೆಲವರು ಬೇಕೆಂದೇ ಬೋಲ್ಟ್ ಹಾಕಿ ಹೀಗೆ ಲಾಕ್ ಮಾಡಿಸುತ್ತಾರೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಆಗಬಹುದು, ದಿನಾ ಓಡಿಸಲಿಕ್ಕೆ ನಾನಂತೂ ಒಪ್ಪುವುದಿಲ್ಲ. ವಾಟರ್ ಪಂಪಿನ ಬೇರಿಂಗಿಗೂ ಭಾರ ಜಾಸ್ತಿ.

ಎರಡನೇ ಸಲ 5,600 ಕೊಟ್ಟು ಒರಿಜಿನಲ್ ತಂದೆ, ಇಕ್ಕ ಪಕ್ಕದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದರು, ನಾನೇ ಹಾಕಿದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ತೆಗೆದಿರಬೇಕು. ಬೆಲ್ಟ್ ಬಿಚ್ಚುವ ಮೊದಲೇ ಪುಲ್ಲಿಯ ನಾಲ್ಕು ನಟ್ ಸಡಿಲ ಮಾಡಬೇಕು. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಸ್ಪ್ಯಾನರ್ ಜೊತೆಗೇ ತಿರುಗುತ್ತದೆ, ಹಿಡಿಯಲಿಕ್ಕೆ ಮೂರನೇ ಕೈ ಬೇಕು. ಮೊದಲ ಸಲ ಈ ತಪ್ಪು ಮಾಡಿಯೇ ಎರಡು ಗಂಟೆ ಹೋಗಿತ್ತು. ಕೆಲವು ಗಾಡಿಗಳಲ್ಲಿ ನಾಲ್ಕು ನಟ್ ಬದಲು ಒಂದೇ ದೊಡ್ಡ ನಟ್ ಇರುತ್ತದೆ, ಅದರಲ್ಲೂ ಕೆಲವಕ್ಕೆ ಉಲ್ಟಾ ಮರೆ, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ನೋಡದೆ ಬಲ ಹಾಕಬೇಡಿ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಕವರ್, ಫ್ಯಾನ್ ಎರಡನ್ನೂ ಒಟ್ಟಿಗೇ ಮೇಲೆತ್ತಿದರೆ ಮಾತ್ರ ಹೊರಗೆ ಬರುತ್ತದೆ.

ಎತ್ತುವಾಗ ಫ್ಯಾನಿನ ಎಲೆ ರೇಡಿಯೇಟರಿಗೆ ತಾಗಿದರೆ ಮುಗಿಯಿತು ಕಥೆ. ಎಲ್ಲರೂ ರಟ್ಟು ಇಡುತ್ತಾರೆ. ನಾನು ಒಂದು ಅಗಲದ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ನಡುವೆ ತೂರಿಸಿದೆ. ಬಾಗುತ್ತದೆ, ಹರಿಯುವುದಿಲ್ಲ. ಇಕ್ಕ ನಕ್ಕರು, ಆದರೆ ಹೋಗುವಾಗ ‘ಎರಡು ಹಾಳೆ ಕೊಡಿ’ ಅಂದರು.

ಫ್ಯಾನ್ ತೆಗೆದಾಗಲೇ ವಾಟರ್ ಪಂಪಿನ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ, ಆಟ (ಸಡಿಲ) ಇದ್ದರೆ ಪಂಪನ್ನೂ ಬದಲಾಯಿಸಿ, ಇಲ್ಲದಿದ್ದರೆ ಹೊಸ ಕ್ಲಚ್ ಹಾಕಿಯೂ ದಂಡ. ಎಲೆಗಳಲ್ಲಿ ಬಿರುಕು ಇದೆಯಾ ನೋಡಿ. ವಾಪಸ್ ಹಾಕುವಾಗ ನಟ್ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ.

ಈ ಎರಡನೇ ಕ್ಲಚ್‌ಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ ಹೇಗೆ ಇಡಬೇಕು ಅಂತ ಹೇಳುವ ಒಂದು ಚೀಟಿಯೂ ಪೆಟ್ಟಿಗೆಯಲ್ಲಿ ಇರಲಿಲ್ಲ. ಕ್ಲಚ್ ಅನ್ನು ಗಾಡಿಯಲ್ಲಿ ನಿಂತ ಹಾಗೆ ನಿಲ್ಲಿಸಿಯೇ ಇಡಬೇಕು, ಮಲಗಿಸಿಟ್ಟರೆ ಎಣ್ಣೆ ಸೋರಬಹುದು. ಅಂಗಡಿಯವರು ನನ್ನ ಕಣ್ಣೆದುರೇ ಮಲಗಿಸಿದ್ದನ್ನು ಎತ್ತಿ ಕೊಡಲು ಬಂದರು, ನಾನು ಬೇರೆ ಕೇಳಿ ತಂದೆ.

ಈಗ ಮೂರು ವರ್ಷ, 41,000 ಕಿಲೋಮೀಟರ್. ಸಂಪಾಜೆ ನಾಲ್ಕು ಸಲ ಹತ್ತಿದೆ, ಎರಡು ಸಲ ಮೇ ತಿಂಗಳಲ್ಲಿ. ಮುಳ್ಳು ನಡುವಿನಿಂದ ಮೇಲೆ ಹೋಗಲಿಲ್ಲ, ಕಡಿದಾದ ತಿರುವಿನಲ್ಲಿ ಫ್ಯಾನ್ ಹಿಡಿಯುವ ಶಬ್ದ ಒಳಗೇ ಕೇಳುತ್ತದೆ. ಮೈಲೇಜ್ ಮತ್ತೆ 13ರ ಹತ್ತಿರ. ಬೆಳಿಗ್ಗೆ ಗುಂಯ್ ಅಂದ ಕೂಡಲೇ ಒಳಗಿನಿಂದ ಅಮ್ಮ ‘ಪೇಟೆಗಾ? ಕೊತ್ತಂಬರಿ ಸೊಪ್ಪು ತಾ’ ಅಂತ ಕೂಗುತ್ತಾರೆ. ಹೋದ ತಿಂಗಳು ಬಾನೆಟ್ ತೆಗೆದು ಕ್ಲಚ್ ಮೇಲೆ ಬೆರಳಾಡಿಸಿ ನೋಡಿದೆ. ಧೂಳು ಉಂಟು, ಒಣ ಧೂಳು.