ಮನೆಗೆ ಬಾರದ ಇಬ್ಬರು ಹುಡುಗಿಯರು, ಮೂವತ್ತು ವರ್ಷದ ಮೇಲೆ ಬಂದ ಒಬ್ಬಳು

ಲಾರಾ ಲಿಪ್‌ಮನ್ ಅವರ ‘ವಾಟ್ ದಿ ಡೆಡ್ ನೋ’ ಕಾದಂಬರಿಯನ್ನು ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಮುಗಿದ ತಕ್ಷಣ ಮತ್ತೆ ಮೊದಲ ಪುಟಕ್ಕೆ ಹೋದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಥೆ ನಡೆಯುವುದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಹೆದ್ದಾರಿಯಲ್ಲಿ ಒಂದು ಅಪಘಾತ ಆಗುತ್ತದೆ. ಕಾರು ಓಡಿಸುತ್ತಿದ್ದ ಹೆಂಗಸು ಅಲ್ಲಿ ನಿಲ್ಲದೆ ಸುಮ್ನೆ ನಡೆದುಕೊಂಡು ಹೊರಟುಬಿಡುತ್ತಾಳೆ. ಪೊಲೀಸರ ಕೈಗೆ ಸಿಕ್ಕಾಗ ತಾನು ಯಾರು ಅಂತ ಸರಿಯಾಗಿ ಹೇಳುವುದಿಲ್ಲ. ತಾನು ಬೆಥನಿ ಹುಡುಗಿಯರಲ್ಲಿ ಒಬ್ಬಳು ಎಂದಷ್ಟೇ ಹೇಳುತ್ತಾಳೆ. ಸನ್ನಿ ಮತ್ತು ಹೆದರ್ ಬೆಥನಿ ಎಂಬ ಅಕ್ಕತಂಗಿಯರು 1975ರ ಈಸ್ಟರ್ ಸಮಯದಲ್ಲಿ ಮಾಲ್‌ಗೆ ಹೋದವರು, ವಾಪಸ್ ಬಂದೇ ಇರಲಿಲ್ಲ. ಮೂವತ್ತು ವರ್ಷ ಕಳೆದಿದೆ. ಇವಳು ಹೇಳುತ್ತಿರುವುದು ನಿಜವೇ? ನಿಜವಾದರೆ ಇಷ್ಟು ವರ್ಷ ಎಲ್ಲಿದ್ದಳು, ಮತ್ತೊಬ್ಬಳು ಏನಾದಳು?

ಇದಕ್ಕೆ ಬೀಜ ಒಂದು ನಿಜ ಘಟನೆ. ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದಲ್ಲೇ 1975ರ ಮಾರ್ಚ್‌ನಲ್ಲಿ 12 ಮತ್ತು 10 ವರ್ಷದ ಲಯನ್ ಸಹೋದರಿಯರು ಮಾಲ್‌ಗೆ ಹೋಗಿ ಕಾಣೆಯಾದರು. ಕಾದಂಬರಿ ಬಂದದ್ದು 2007ರಲ್ಲಿ, ಆಗ ಆ ಪ್ರಕರಣಕ್ಕೆ ಉತ್ತರವೇ ಸಿಕ್ಕಿರಲಿಲ್ಲ. 2017ರಲ್ಲಿ ಒಬ್ಬ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಮಕ್ಕಳ ದೇಹ ಮಾತ್ರ ಇಂದಿಗೂ ಸಿಕ್ಕಿಲ್ಲ. ಲಿಪ್‌ಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದವರು. ಆದರೂ ಆ ನಿಜ ಕುಟುಂಬದ ನೋವನ್ನು ಎಳೆದು ತಂದಿಲ್ಲ. ಕಾಣೆಯಾದ ಸಂಗತಿಯನ್ನಷ್ಟೇ ತೆಗೆದುಕೊಂಡು, ಮನೆಯನ್ನು ಪೂರ್ತಿ ತಾವೇ ಕಟ್ಟಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು.

ಪುಸ್ತಕದ ಜೀವ ಇರುವುದೂ ಆ ಮನೆಯಲ್ಲೇ. ತಂದೆ ಡೇವ್ ಸೂರ್ಯೋದಯ, ಸೂರ್ಯಾಸ್ತಕ್ಕೆ ತಪ್ಪದೆ ತುಪ್ಪ ಹಾಕಿ ಅಗ್ನಿಹೋತ್ರ ಮಾಡುವವನು. ಹೌದು, ನಮಗೆ ಗೊತ್ತಿರುವ ಅಗ್ನಿಹೋತ್ರವೇ! ಬಾಲ್ಟಿಮೋರ್‌ನ ಕಥೆಯಲ್ಲಿ ಆ ಪದ ನೋಡಿ ಒಂದು ಕ್ಷಣ ನಿಂತೆ. ಆದರೆ ಲೇಖಕಿ ಅದನ್ನು ಅಲಂಕಾರಕ್ಕೆ ಇಟ್ಟಿಲ್ಲ. ಮನಸ್ಸು ಶಾಂತವಾಗಲಿ ಎಂದು ಬೆಂಕಿಯ ಮುಂದೆ ಕೂರುವ ಮನುಷ್ಯ, ಪಕ್ಕದಲ್ಲೇ ಇರುವ ಹೆಂಡತಿ ಎಷ್ಟು ದೂರ ಹೋಗಿದ್ದಾಳೆ ಅಂತ ನೋಡುವುದೇ ಇಲ್ಲ. ತಾಯಿ ಮಿರಿಯಮ್‌ಗೆ ಅವಳದೇ ಗುಟ್ಟುಗಳಿವೆ. ಮಕ್ಕಳು ಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡಲಾರದೆ ಗಂಡ ಹೆಂಡತಿ ದೂರವಾಗುತ್ತಾರೆ. ಕೊನೆಗೆ ಅವಳು ಮೆಕ್ಸಿಕೋಗೆ ಹೋಗಿ ನೆಲೆಸುತ್ತಾಳೆ, ಯಾಕೆಂದರೆ ಅಲ್ಲಿ ಯಾರೂ ‘ನಿಮಗೆ ಎಷ್ಟು ಮಕ್ಕಳು’ ಎಂದು ಕೇಳಿದಾಗ ಹಳೆಯ ಸುದ್ದಿ ನೆನಪಿಸಿಕೊಂಡು ಮುಖ ಸಣ್ಣ ಮಾಡುವುದಿಲ್ಲ. ಮಿರಿಯಮ್ ಬರುವ ಅಧ್ಯಾಯಗಳನ್ನು ನಾನು ನಿಧಾನವಾಗಿ ಓದಿದೆ. ಅವಳು ಅಳುವುದು ಕಡಿಮೆ, ಅದಕ್ಕೇ ಸಂಕಟ ಜಾಸ್ತಿ.

ಅಕ್ಕತಂಗಿಯರ ಜಗಳವನ್ನೂ ಅಷ್ಟೇ ಚೆನ್ನಾಗಿ ಬರೆದಿದ್ದಾರೆ. ದೊಡ್ಡವಳಿಗೆ ಒಂಟಿಯಾಗಿ ತಿರುಗಾಡುವ ಆಸೆ, ಚಿಕ್ಕವಳಿಗೆ ಅವಳ ಬೆನ್ನು ಬಿಡಲು ಮನಸ್ಸಿಲ್ಲ. ನನಗೂ ಅಕ್ಕ ಇದ್ದಾಳೆ. ‘ಇವಳನ್ನು ಯಾಕೆ ಕರೆದುಕೊಂಡು ಹೋಗಬೇಕು’ ಎಂದು ಅವಳು ಸಿಡುಕಿದ್ದು, ನಾನು ಅವಳ ಡ್ರಾಯರ್ ತೆಗೆದು ನೋಡಿದ್ದು, ಎಲ್ಲಾ ನೆನಪಾಗಿ ಗಂಟಲು ಕಟ್ಟಿತು. ಎಷ್ಟು ಸಣ್ಣ ಜಗಳ ಅಲ್ವಾ ಅದು! ಆ ದಿನವೇ ಕೊನೆಯ ದಿನವಾದರೆ?

ಕೊರತೆಗಳೂ ಇವೆ. ಕಥೆ 1975ಕ್ಕೂ ಇಂದಿಗೂ ನಡುವಿನ ವರ್ಷಗಳಿಗೂ ಹಾರುತ್ತಿರುತ್ತದೆ, ಮೊದಲ ನೂರು ಪುಟ ಯಾವ ವರ್ಷದಲ್ಲಿದ್ದೇವೆ ಎಂದು ಗಮನ ಇಟ್ಟೇ ಓದಬೇಕು. ಮಧ್ಯದಲ್ಲಿ ಪೊಲೀಸ್ ವಿಚಾರಣೆ ಸ್ವಲ್ಪ ಎಳೆಯುತ್ತದೆ. ಪತ್ತೇದಾರ ಇನ್‌ಫಾಂಟೆ ಎದುರಿಗೆ ಬಂದ ಪ್ರತಿ ಹೆಂಗಸನ್ನೂ ಅಳೆಯುವ ರೀತಿ ನನಗೆ ಕಿರಿಕಿರಿ ಮಾಡಿತು. ಓಡುವ, ಬೆನ್ನಟ್ಟುವ ಥ್ರಿಲ್ಲರ್ ಬೇಕು ಎನ್ನುವವರಿಗೆ ಇದು ಬೇಡ.

ಈಗ ಮೊದಲ ಪುಟಕ್ಕೆ ಯಾಕೆ ಹೋದೆ ಅಂತ ಹೇಳುತ್ತೇನೆ. ಕೊನೆಯಲ್ಲಿ ಒಂದು ತಿರುವು ಇದೆ, ಅದನ್ನು ಹೇಳುವುದಿಲ್ಲ. ಆದರೆ ಅದು ಎಲ್ಲಿಂದಲೋ ಉದುರಿದ್ದಲ್ಲ. ಎರಡನೇ ಸಲ ಓದಿದಾಗ ಆ ಹೆಂಗಸಿನ ಒಂದೊಂದು ಮಾತಿಗೂ ಬೇರೆಯೇ ಅರ್ಥ ಕಾಣಿಸಿತು. ಸುಳಿವು ಕಣ್ಣೆದುರೇ ಇತ್ತು, ನಾನೇ ದಾಟಿ ಹೋಗಿದ್ದೆ. ಲೇಖಕಿ ಓದುಗರಿಗೆ ಮೋಸ ಮಾಡಿಲ್ಲ. ಇಂಥ ಪುಸ್ತಕಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು.

ನನ್ನ ಪ್ರತಿಯನ್ನು ಅಕ್ಕನಿಗೆ ಕೊಟ್ಟಿದ್ದೇನೆ. ಕೊನೆಯ ಪುಟ ಮೊದಲೇ ತೆಗೆದು ನೋಡುವ ಚಾಳಿ ಅವಳಿಗಿದೆ, ಈ ಸಲ ಮಾತ್ರ ಬೇಡ ಎಂದು ಎರಡು ಸಲ ಹೇಳಿದ್ದೇನೆ.