ಸೆಬುವಿನಿಂದ ಮಿಂಡನಾವೊಗೆ: ರಾತ್ರಿ ಹಡಗೋ, ವಿಮಾನವೋ?

ಫಿಲಿಪ್ಪೀನ್ಸ್‌ನ ಸೆಬು ನಗರದಿಂದ ಮಿಂಡನಾವೊ ದ್ವೀಪದ ಕಗಯಾನ್ ಡಿ ಓರೊ ನಗರಕ್ಕೆ ಹೇಗೆ ಹೋಗುವುದು ಎಂದು ಕೇಳಿದ್ದೀರಿ. ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಡಗಿನಲ್ಲಿ ಇಡೀ ರಾತ್ರಿ.

ಆದರೆ ಗಡಿಯಾರವನ್ನಷ್ಟೇ ನೋಡಬೇಡಿ. ಸೆಬುವಿನ ವಿಮಾನ ನಿಲ್ದಾಣ ಇರುವುದು ಪಕ್ಕದ ಮಕ್ತಾನ್ ದ್ವೀಪದಲ್ಲಿ, ಸೇತುವೆ ದಾಟಿ ಹೋಗಬೇಕು. ಇಳಿಯುವ ಲಗಿಂಡಿಂಗನ್ ನಿಲ್ದಾಣವೂ ಊರಿನಿಂದ 40 ಕಿಲೋಮೀಟರ್‌ಗಿಂತ ದೂರ. ಹಡಗಾದರೋ ಊರಿನಿಂದ ಊರಿಗೇ ಮುಟ್ಟಿಸುತ್ತದೆ, ಒಂದು ರಾತ್ರಿಯ ಹೋಟೆಲ್ ಬಾಡಿಗೆಯನ್ನೂ ಉಳಿಸುತ್ತದೆ.

ಹಡಗನ್ನೇ ಆರಿಸಿದರೆ ಮುಂದಿನ ಪ್ರಶ್ನೆ ಹಾಸಿಗೆಯದು. ಅಗ್ಗದ ದರ್ಜೆಯಲ್ಲಿ ತೆರೆದ ಅಂತಸ್ತಿನಲ್ಲಿ ಸಾಲುಸಾಲು ಎರಡಂತಸ್ತಿನ ಮಂಚಗಳು. ಕಡಲ ಗಾಳಿಯಲ್ಲಿ ಮಲಗುವ ಆ ಸುಖ ನನಗೆ ಬಹಳ ಇಷ್ಟ. ಮಳೆ ಬಂದರೆ ಪಕ್ಕದ ಟಾರ್ಪಾಲಿನ್ ಇಳಿಸುತ್ತಾರೆ, ಆಗ ಸೆಕೆ. ಹವಾನಿಯಂತ್ರಿತ ದರ್ಜೆಯಲ್ಲಿ ಚಳಿ ಕೊರೆಯುತ್ತದೆ, ಶಾಲು ಇರಲಿ. ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕ್ಯಾಬಿನ್ನಿಗೆ ಹಣ ಕೊಡುವುದು ಸರಿ, ಆಗ ಒಟ್ಟು ಖರ್ಚು ವಿಮಾನದ ಹತ್ತಿರಕ್ಕೆ ಬಂದರೂ ಅಚ್ಚರಿಯಿಲ್ಲ.

ಹವಾಮಾನವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಚಂಡಮಾರುತದ ಎಚ್ಚರಿಕೆ ಬಂದರೆ ಕರಾವಳಿ ಪಡೆ ಹಡಗುಗಳನ್ನು ನಿಲ್ಲಿಸುತ್ತದೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಹೋಗುವವರು, ಮರುದಿನವೇ ಊರಿಗೆ ಮರಳುವ ವಿಮಾನವಿದ್ದರೆ, ಹಡಗನ್ನು ನಂಬಬಾರದು. ಕಡಲ ಓಲಾಟಕ್ಕೆ ವಾಂತಿಯಾಗುವವರಿಗೂ ವಿಮಾನವೇ ಒಳ್ಳೆಯದು. ದಿನಗಳು ಕೈಯಲ್ಲಿದ್ದು, ಚೀಲ ಹಗುರವಾಗಿದ್ದರೆ ಸಂಜೆಯೇ ಬಂದರಿಗೆ ಹೋಗಿ, ಕೆಳಗಿನ ಮಂಚ ಕೇಳಿ ಪಡೆಯಿರಿ.